ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕುದಿದು ಪದ್ಮಿನಿ ನಿಲ್ಲುತ್ತಿದೆ, ಮೊದಲು ಏನು ಮಾಡಿಸಲಿ?

ಪ್ರಶ್ನೆ (ಜಯನಗರ):
ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಗಾಡಿ. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಸಿಲ್ಕ್ ಬೋರ್ಡ್ ಹತ್ತಿರ ತೆವಳುತ್ತಾ ಹೋದರೆ ಜರ್ಕ್ ಹೊಡೆದು ಆಫ್ ಆಗುತ್ತದೆ, ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ಟೆಂಪರೇಚರ್ ಮುಳ್ಳು ನಾರ್ಮಲ್ಲೇ ಇರುತ್ತದೆ. ಮೆಕ್ಯಾನಿಕ್ ಪೆಟ್ರೋಲ್ ಎಳೆಯುವ ಪಂಪ್ ಬದಲಿಸಿ ಅನ್ನುತ್ತಾರೆ. ಸುಮ್ನೆ ದುಡ್ಡು ಹಾಕಲು ಮನಸ್ಸಿಲ್ಲ.

ಉತ್ತರ (ಮಲ್ಲೇಶ್ವರ):
ಸರ್, ಪಂಪ್ ಆಮೇಲೆ. ಮುಳ್ಳು ತೋರಿಸುವುದು ನೀರಿನ ಬಿಸಿ, ಪೆಟ್ರೋಲಿನದ್ದಲ್ಲ. ನೀರು 80–90 ಡಿಗ್ರಿಯಲ್ಲಿ ಆರಾಮಾಗಿರುತ್ತದೆ, ಆದರೆ ಪೆಟ್ರೋಲಿನ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಅಲ್ವಾ, ಹಾಗಾಗಿ ಇನ್ನೂ ಸ್ವಲ್ಪ ಬೇಗ. ಮುಂದಿನ ಸಲ ನಿಂತಾಗ ಏರ್ ಕ್ಲೀನರ್ ಬಿಚ್ಚಿ ಕಾರ್ಬೊರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದರೆ ಬೌಲ್‌ನಲ್ಲೇ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಕುದಿದು ಇಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗುತ್ತಿದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪದೇ ಪದೇ ತುಳಿಯಬೇಡಿ. ಒಣಗಿದ್ದರೆ ಪಂಪ್ ಅಥವಾ ಪೈಪಿನಲ್ಲಿ ಆವಿ ತುಂಬಿದೆ, ವೇಪರ್ ಲಾಕ್. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ.

ಉತ್ತರ (ರಾಜಾಜಿನಗರ):
ಒದ್ದೆ ಬಟ್ಟೆ ಮನೆ ಸೇರುವುದಕ್ಕೆ ಸಾಕು, ಅಷ್ಟೆ. ಮೊದಲು ಟೈಮಿಂಗ್ (ಇಂಜಿನ್‌ನಲ್ಲಿ ಕಿಡಿ ಹಾರುವ ಹೊತ್ತು) ಚೆಕ್ ಮಾಡಿಸಿ, ಲೇಟಾಗಿದ್ದರೆ ಎಕ್ಸಾಸ್ಟ್ ಜಾಸ್ತಿ ಕಾಯುತ್ತದೆ. ಬೌಲ್ ಕುದಿಯುತ್ತಿದ್ದರೆ ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯುವ ದಪ್ಪ ಬೇಕಲೈಟ್ ಸ್ಪೇಸರ್ (ನಡುವೆ ಕೂರುವ ಬಿಲ್ಲೆ) ಹಾಕಿಸಿ, ಎರಡೂ ಕಡೆ ಹೊಸ ಗ್ಯಾಸ್ಕೆಟ್. ಸ್ಟಡ್ ಉದ್ದ ಸಾಲುತ್ತದಾ, ಏರ್ ಕ್ಲೀನರ್ ಬಾನೆಟ್‌ಗೆ ತಾಗುತ್ತದಾ ಮೊದಲೇ ಅಳೆದುಕೊಳ್ಳಿ. ಜೊತೆಗೆ ಎಕ್ಸಾಸ್ಟ್‌ಗೂ ಕಾರ್ಬೊರೇಟರ್‌ಗೂ ನಡುವೆ ಒಂದು ಅಲ್ಯೂಮಿನಿಯಂ ತಗಡು. ಎರಡೂ ಕಡೆ ಬೆರಳಷ್ಟು ಗಾಳಿ ಆಡಬೇಕು, ಎಕ್ಸಾಸ್ಟ್‌ಗೆ ಅಂಟಿಕೊಂಡರೆ ತಗಡೇ ಕಾದ ಹೆಂಚಾಗುತ್ತದೆ.

ಉತ್ತರ (ಬಸವನಗುಡಿ):
ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಇಂಜಿನ್‌ನಿಂದ ಹೊಗೆ ಹೊರತರುವ ಕೊಳವೆ) ಬಿಸಿ ತಡೆಯುವ ಪಟ್ಟಿ ಸುತ್ತಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ಹಳೆ ಎರಕದ ಕಬ್ಬಿಣ, ತೇವ ಹಿಡಿದು ತುಕ್ಕು, ಆಮೇಲೆ ಬಿರುಕು. ವೇಪರ್ ಲಾಕ್ ಆಗಿದ್ದರೆ ಟ್ಯಾಂಕ್ ಹತ್ತಿರ ಕಡಿಮೆ ಪ್ರೆಷರ್‌ನ ಎಲೆಕ್ಟ್ರಿಕ್ ಪಂಪ್ ಒಳ್ಳೆಯದು, ಯಾಕೆಂದರೆ ಹಿಂದಿನಿಂದ ತಳ್ಳಿದ ಪೆಟ್ರೋಲ್ ಮುಂದಿನಿಂದ ಎಳೆದದ್ದಕ್ಕಿಂತ ತಡವಾಗಿ ಕುದಿಯುತ್ತದೆ. ಆದರೆ ಇಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವ ಕಟ್‌ಆಫ್ ಇಲ್ಲದೆ ಹಾಕಿಸಲೇಬೇಡಿ, ಬೆಂಕಿಯ ವಿಷಯ. ಮತ್ತೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಅದು ಬೆರೆತ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಹಳೆ ರಬ್ಬರ್ ಹೋಸನ್ನೂ ತಿನ್ನುತ್ತದೆ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ಎಕ್ಸಾಸ್ಟ್‌ನಿಂದ ದೂರ ಎಳೆಸಿ.

ಪ್ರಶ್ನೆ ಕೇಳಿದವರು:
ಇವತ್ತು ನಿಂತಾಗ ನೋಡಿದೆ, ಒಳಗೆಲ್ಲ ಒದ್ದೆ, ಪೆಟ್ರೋಲ್ ಘಾಟು. ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ, ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಪಂಪ್ ಬಿಟ್ಟೆ. ಟೈಮಿಂಗ್ ನೋಡಿಸಿ ಸ್ಪೇಸರ್‌ಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುತ್ತೇನೆ, ಹೋಸೂ ಅಲ್ಲೇ ವಿಚಾರಿಸುತ್ತೇನೆ.