ಕೈಕಾಲು ಬೆಳೆಸುವ ಜೀನ್ ಸಿಕ್ಕಿತಂತೆ!

ದೊಡ್ಡಪ್ಪ: (ಫಾರ್ವರ್ಡ್, ಜೊತೆಗೊಂದು ಫೋಟೊ) ವಿಜ್ಞಾನಿಗಳ ಮಹಾ ಸಾಧನೆ!! ಸಮುದ್ರದ ಜೀವಿಯಲ್ಲಿ ಕೈಕಾಲು ಮತ್ತೆ ಬೆಳೆಸುವ ಜೀನ್ ಪತ್ತೆ. ಇನ್ನು ಕೆಲವೇ ವರ್ಷಗಳಲ್ಲಿ ಕೃತಕ ಕಾಲು ಬೇಕಾಗಿಲ್ಲ. ಎಲ್ಲ ಗುಂಪುಗಳಿಗೂ ಕಳಿಸಿ.

ಸುಮಾ ಅತ್ತೆ: ಅಬ್ಬಾ! ನಿಜಾನಾ ಅಣ್ಣ?

ಕಾರ್ತಿಕ್: ಸುಳ್ಳು.

ದೊಡ್ಡಪ್ಪ: ಓದದೇ ಸುಳ್ಳು ಅಂತೀಯಲ್ಲೋ.

ಕಾರ್ತಿಕ್: ‘ಎಲ್ಲ ಗುಂಪುಗಳಿಗೂ ಕಳಿಸಿ’ ಅಂತ ಕಂಡರೆ ನಾನು ಮುಂದೆ ಓದುವುದೇ ಇಲ್ಲ ದೊಡ್ಡಪ್ಪ.

ಅನಘಾ: ಪೂರ್ತಿ ಸುಳ್ಳಲ್ಲ ಕಾರ್ತಿಕಣ್ಣ, ಬುಡದಲ್ಲಿ ಒಂದು ನಿಜವಾದ ಸಂಶೋಧನೆ ಇದೆ. ಫೋಟೊ ಮಾತ್ರ ತಪ್ಪು. ಅದು ನಕ್ಷತ್ರ ಮೀನು. ಸುದ್ದಿ ಇರುವುದು ಬ್ರಿಟಲ್ ಸ್ಟಾರ್ ಬಗ್ಗೆ. ನಡುವೆ ಗುಂಡಗಿನ ಪುಟ್ಟ ಬಿಲ್ಲೆ, ಅದರಿಂದ ಹಾವಿನ ಹಾಗೆ ಹೊರಳಾಡುವ ಐದು ಸಣಕಲು ಕೈ. ಹಿಡಿದರೆ ತಾನೇ ಕೈ ಮುರಿದು ಬಿಟ್ಟು ಓಡಿಹೋಗುತ್ತದೆ. ಆಮೇಲೆ ಹೊಸದು ಬೆಳೆಯುತ್ತದೆ.

ದೊಡ್ಡಪ್ಪ: ಸರಿ, ಫೋಟೊ ಬಿಡು. ಜೀನ್ ಸಿಕ್ಕಿದೆಯೋ ಇಲ್ಲವೋ?

ಅನಘಾ: ‘ಆ ಒಂದು ಜೀನ್’ ಅಂತ ಯಾವುದೂ ಸಿಕ್ಕಿಲ್ಲ ದೊಡ್ಡಪ್ಪ. ಆಂಫಿಯೂರಾ ಫಿಲಿಫಾರ್ಮಿಸ್ ಅನ್ನುವ ಬ್ರಿಟಲ್ ಸ್ಟಾರ್ ಜಾತಿಯ ಜೀನೋಮ್, ಅಂದರೆ ಅದರ ಡಿಎನ್‌ಎ ಪೂರ್ತಿ ಓದಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮತ್ತು ಅವರ ಜೊತೆಗಾರರು. 2024ರಲ್ಲಿ ನೇಚರ್ ಇಕಾಲಜಿ ಆಂಡ್ ಎವಲ್ಯೂಷನ್ ಪತ್ರಿಕೆಯಲ್ಲಿ ಬಂತು. 20 ಕ್ರೋಮೋಸೋಮ್, ಸುಮಾರು 30,000 ಜೀನ್.

ದೊಡ್ಡಪ್ಪ: ನಮಗೆಷ್ಟು?

ಅನಘಾ: ಸುಮಾರು 20,000.

ದೊಡ್ಡಪ್ಪ: ನೋಡಿದೆಯಾ! ಆ ಹೆಚ್ಚಿನ 10,000ದಲ್ಲೇ ಇದೆ ಗುಟ್ಟು.

ಅನಘಾ: ಹಾಗೆ ಲೆಕ್ಕ ಹಾಕುವ ಹಾಗಿಲ್ಲ ದೊಡ್ಡಪ್ಪ. ಕೆಲವು ಜೀನ್ ಕುಟುಂಬಗಳು ಅದರಲ್ಲಿ ಜಾಸ್ತಿ ಆಗಿರುವುದು ನಿಜ. ಆದರೆ ಕೈ ಬೆಳೆಯುವಾಗ ಬೇಕಾಗುವ ಎಷ್ಟೋ ಜೀನ್‌ಗಳು ನಮ್ಮಲ್ಲೂ ಇವೆ. ಉದಾಹರಣೆಗೆ ನಾಚ್ ಅಂತ, ಜೀವಕೋಶಗಳು ಒಂದಕ್ಕೊಂದು ಸಂಕೇತ ಕಳಿಸುವ ಒಂದು ವ್ಯವಸ್ಥೆ. ಇನ್ನೊಂದು ಜಾತಿಯ ಬ್ರಿಟಲ್ ಸ್ಟಾರ್‌ನಲ್ಲಿ ಔಷಧಿ ಕೊಟ್ಟು ಅದನ್ನು ತಡೆದರು, ಕೈ ಸರಿಯಾಗಿ ಬೆಳೆಯಲೇ ಇಲ್ಲ. ಅದೇ ನಾಚ್ ನಮ್ಮಲ್ಲೂ ಇದೆ, ಗರ್ಭದಲ್ಲಿ ಮೈ ಕಟ್ಟುವಾಗ ಕೆಲಸ ಮಾಡಿದೆ. ಇದ್ದೂ ನಮಗೆ ಕೈ ಬೆಳೆಯುವುದಿಲ್ಲ. ಅಂದರೆ ಜೀನ್ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಯಾವಾಗ, ಎಲ್ಲಿ ಕೆಲಸ ಶುರು ಮಾಡುತ್ತದೆ ಅನ್ನುವುದೇ ದೊಡ್ಡದು.

ಸುಮಾ ಅತ್ತೆ: ಕಾಲು ಮತ್ತೆ ಬೆಳೆಸೋ ಹಲ್ಲಿ ಥರದ್ದು ಇನ್ನೊಂದು ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇನೇ?

ಅನಘಾ: ಆಕ್ಸೊಲಾಟಲ್ ಅತ್ತೆ! ಅದನ್ನೇ ಹೋಲಿಸಿ ನೋಡಿದ್ದಾರೆ. ಜೊತೆಗೆ ಸಿಗಡಿ, ಏಡಿಗಳ ಬಳಗದ ಪಾರ್ಹಯಾಲೆ ಅನ್ನುವ ಸಣ್ಣ ಪ್ರಾಣಿ. ಗಾಯ ಮುಚ್ಚುವುದು, ಜೀವಕೋಶಗಳು ಒಂದೇ ಸಮನೆ ಹೆಚ್ಚುವುದು, ಆಮೇಲೆ ಅವು ಸ್ನಾಯು, ನರ ಅಂತ ಬೇರೆ ಬೇರೆ ಆಗುವುದು. ಈ ಹಂತಗಳಲ್ಲಿ ಯಾವ ಜೀನ್ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ನೋಡಿದರು. ನೂರಾರು ಜೀನ್‌ಗಳ ಏರಿಳಿತ ಹೊಂದಿಕೆಯಾಯಿತು, ಅದರಲ್ಲೂ ಕೋಶಗಳು ಹೆಚ್ಚುವ ಹಂತದಲ್ಲಿ.

ದೊಡ್ಡಪ್ಪ: ಅಂದ್ರೆ ಎಲ್ಲರಿಗೂ ಒಂದೇ ಮೂಲ. ನಮ್ಮಲ್ಲಿ ನಿದ್ದೆ ಹೋಗಿದೆ, ಎಬ್ಬಿಸಿದರೆ ಸಾಕು.

ಕಾರ್ತಿಕ್: ಇಲ್ಲೇ ನಂದು ತಕರಾರು. ಕೋಶ ಹೆಚ್ಚಬೇಕಾದರೆ ಡಿಎನ್‌ಎ ನಕಲಾಗಬೇಕು, ಕೋಶ ಒಡೆಯಬೇಕು. ಆ ಜೀನ್‌ಗಳು ಯಾವ ಪ್ರಾಣಿಯಲ್ಲಾದರೂ ಏರಲೇಬೇಕಲ್ವಾ? ಮನೆಗೂ ಸೇತುವೆಗೂ ಸಿಮೆಂಟೇ ಬೇಕು. ಹಾಗಂತ ಎರಡರ ನಕ್ಷೆ ಒಂದೇನಾ?

ಅನಘಾ: ಈ ಮಾತು ಒಪ್ಪುತ್ತೇನೆ. ಹೊಂದಿಕೆ ಕಂಡ ಮಾತ್ರಕ್ಕೆ ಒಂದೇ ಮೂಲ ಅಂತ ಸಾಬೀತಾಗುವುದಿಲ್ಲ. ಆದರೆ ಸುಮ್ನೆ ತಳ್ಳಿಹಾಕುವುದೂ ಬೇಡ. ವಂಶವೃಕ್ಷದಲ್ಲಿ ಬ್ರಿಟಲ್ ಸ್ಟಾರ್ ಏಡಿ ಬಳಗಕ್ಕಿಂತ ನಮಗೇ ಹತ್ತಿರ. ಆಕ್ಸೊಲಾಟಲ್, ಪಾರ್ಹಯಾಲೆ ಎರಡನ್ನೇ ಇಟ್ಟುಕೊಂಡರೆ ಕಾಣದ ಹೊಂದಿಕೆ ಇದನ್ನು ನಡುವೆ ಇಟ್ಟಾಗ ಕಾಣುತ್ತದೆ. ಆ ಲೇಖನದಲ್ಲಿ ನನಗೆ ಇಷ್ಟವಾದದ್ದು ಇದೇ.

ಕಾರ್ತಿಕ್: ಕೊನೆಯ ಹಂತದಲ್ಲಿ ಹೊಂದಿಕೆ ಸಿಕ್ಕಿದರೆ ನಂಬುತ್ತೇನೆ.

ಸುಮಾ ಅತ್ತೆ: ನಿಮ್ಮ ಜಗಳ ಇರಲಿ. ಕೈ ಬುಡದಿಂದ ತುದಿಗೆ ಬೆಳೆಯುತ್ತದಾ, ಹೇಗೆ?

ಅನಘಾ: ಒಳ್ಳೆ ಪ್ರಶ್ನೆ ಅತ್ತೆ. ತುದಿ ಬೇಗನೇ ಆಗಿಬಿಡುತ್ತದೆ. ಆಮೇಲೆ ತುದಿಯ ಹಿಂದೆಯೇ ಒಂದೊಂದಾಗಿ ಗೆಣ್ಣು ಸೇರುತ್ತಾ ಹೋಗುತ್ತದೆ. ಅದಕ್ಕೇ ಹೊಸ ಕೈಯಲ್ಲಿ ಮುರಿದ ಜಾಗದ ಹತ್ತಿರದ ಗೆಣ್ಣೇ ಎಲ್ಲಕ್ಕಿಂತ ಹಳೆಯದು. ಇನ್ನೊಂದು ಮಜಾ ಇದೆ. ಈ ಜಾತಿ ಕೆಸರಿನಲ್ಲಿ ಮೈ ಹುದುಗಿಸಿಕೊಂಡು ಕೈ ಮಾತ್ರ ನೀರಿಗೆ ಚಾಚಿ ಕೂರುತ್ತದೆ, ಮೀನುಗಳು ಬಂದು ಕಚ್ಚಿಕೊಂಡು ಹೋಗುತ್ತವೆ. ಸ್ವಲ್ಪವೇ ಹೋದರೆ ಬೆಳೆದಷ್ಟನ್ನು ಬೇಗ ಕೆಲಸಕ್ಕೆ ಬರುವ ಹಾಗೆ ಮುಗಿಸುತ್ತದೆ. ಜಾಸ್ತಿ ಹೋದರೆ ಮೊದಲು ಉದ್ದ ಬೆಳೆಸುತ್ತದೆ, ಒಳಗಿನ ಕೆಲಸ ಆಮೇಲೆ. 2006ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಒಂದು ಜೀನ್ ಒತ್ತಿದರೆ ಕೈ ಬರುತ್ತದೆ ಅನ್ನುವ ಕಥೆಗೆ ಇದು ಹೇಗೆ ಹೊಂದುತ್ತದೆ ಹೇಳಿ ದೊಡ್ಡಪ್ಪ?

ಸುಮಾ ಅತ್ತೆ: ಮಿದುಳೂ ಇಲ್ಲದ ಪ್ರಾಣಿಗೆ ಇಷ್ಟೊಂದು ಲೆಕ್ಕಾಚಾರ!

ದೊಡ್ಡಪ್ಪ: ಮಕ್ಕಳ ಬೆರಳ ತುದಿ ತುಂಡಾದರೆ ಮತ್ತೆ ಬೆಳೆಯುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಅದಕ್ಕೇನಂತೀಯ?

ಅನಘಾ: ನಿಜ. ಆದರೆ ಉಗುರಿನ ಬುಡ ಉಳಿದಿರಬೇಕು. ಇಲಿಗಳಲ್ಲೂ ಹಾಗೇ. ಉಗುರಿನ ಬುಡದಲ್ಲಿರುವ ಕಾಂಡಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು) ಅಲ್ಲಿಂದ ಸಂಕೇತ ಕಳಿಸುತ್ತವೆ. ಇನ್ನೂ ಮೇಲೆ ತುಂಡಾದರೆ ಬರೀ ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ.

ದೊಡ್ಡಪ್ಪ: ಇವತ್ತು ಆಗುವುದಿಲ್ಲ ಅಂದೆ. ಯಾವತ್ತೂ ಆಗುವುದಿಲ್ಲ ಅನ್ನಲಿಲ್ಲ. ನನಗಷ್ಟು ಸಾಕು. ಮೆಸೇಜ್ ಡಿಲೀಟ್ ಮಾಡುವುದಿಲ್ಲ.

ಕಾರ್ತಿಕ್: ‘ಕೆಲವೇ ವರ್ಷಗಳಲ್ಲಿ’ ಅನ್ನುವುದನ್ನಾದರೂ ತೆಗೆಯಿರಿ ದೊಡ್ಡಪ್ಪ.