ಜಾರ್ಜ್‌ಟೌನಿನ ಗೋಡೆಚಿತ್ರಗಳು ಮತ್ತು ಚೀನೀಯರ ಏಳನೆಯ ತಿಂಗಳು

ಪ್ರಶ್ನೆ (ಬದಿಯಡ್ಕ):
ಆಗಸ್ಟ್ ಕೊನೆಯಲ್ಲಿ ಮಲೇಷ್ಯಾದ ಪೆನಾಂಗಿಗೆ ಹೋಗುವವನಿದ್ದೇನೆ. ಜಾರ್ಜ್‌ಟೌನಿನ ಬೀದಿಗಳ ಗೋಡೆಚಿತ್ರಗಳನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಅದೇ ಸಮಯದಲ್ಲಿ ಚೀನೀಯರ ಹಬ್ಬವೊಂದು ನಡೆಯುತ್ತದೆಂದು ಕೇಳಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ (ಮಂಜೇಶ್ವರ):
ಅರ್ಮೇನಿಯನ್ ಬೀದಿಯಿಂದಲೇ ತೊಡಗಿರಿ. ಲಿಥುವೇನಿಯದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ 2012ರಲ್ಲಿ ಅಲ್ಲಿ ಇಬ್ಬರು ಮಕ್ಕಳನ್ನು ಗೋಡೆಯ ಮೇಲೆ ಬರೆದು, ಅವರು ಕುಳಿತ ಸೈಕಲ್ಲನ್ನು ಮಾತ್ರ ನಿಜವಾದದ್ದನ್ನೇ ತಂದು ಗೋಡೆಗೆ ಜೋಡಿಸಿದ್ದಾರೆ. ನಗರವು 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಉತ್ತರ (ಕುಂಬಳೆ):
ನೀವು ಕೇಳಿದ್ದು ಹಸಿದ ಪ್ರೇತಗಳ ಹಬ್ಬವಿರಬೇಕು. ಚೀನೀ ಚಾಂದ್ರಮಾನದ ಏಳನೆಯ ತಿಂಗಳಲ್ಲಿ ಸತ್ತವರ ಆತ್ಮಗಳು ಭೂಮಿಗೆ ಬರುತ್ತವೆಂಬ ನಂಬಿಕೆಯಿಂದ ಜನರು ರಸ್ತೆಯಂಚಿನಲ್ಲಿ ಊದುಬತ್ತಿ ಹಚ್ಚಿ, ಅನ್ನ, ಹಣ್ಣುಗಳನ್ನು ಇಟ್ಟು, ಕಾಗದದ ಹುಸಿ ನೋಟುಗಳನ್ನು ಸುಡುತ್ತಾರೆ. ಬೀದಿಯಲ್ಲೇ ವೇದಿಕೆ ಕಟ್ಟಿ ನಾಟಕ ಆಡಿಸುವುದೂ ಉಂಟು. ಮುಂದಿನ ಸಾಲಿನ ಕುರ್ಚಿಗಳು ಪ್ರೇತಗಳಿಗೆ ಮೀಸಲಾದ್ದರಿಂದ ಅಲ್ಲಿ ಕುಳಿತುಕೊಳ್ಳಬೇಡಿ. ತುಳುವರ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತ ಹಿರಿಯರ ಆತ್ಮಗಳಿಗೆ, ಬಡಿಸುವ ನಮ್ಮ ಸೀಮೆಯವರಿಗೆ ಇದು ಪರಕೀಯವೆನಿಸದು. ಅಲ್ಲಿ ನಿಂತವರಿಗೆ ನಮ್ಮ ಬಯಲಾಟದ ರಾತ್ರಿಗಳ ನೆನಪಾಗದೆ ಇರದು ಎಂದು ನನಗನಿಸುತ್ತದೆ.

ಪ್ರಶ್ನೆ ಕೇಳಿದವರು:
ತಮ್ಮಿಬ್ಬರಿಗೂ ಕೃತಜ್ಞತೆಗಳು. ಇಟ್ಟ ಎಡೆಯನ್ನು ತುಳಿಯದಂತೆ ನಡೆಯುವೆನು. ಫೋಟೋ ತೆಗೆಯುವ ಮೊದಲು ಮನೆಯವರನ್ನು ಕೇಳುವುದು ಸರಿಯಷ್ಟೆ?

ಉತ್ತರ (ಕುಂಬಳೆ):
ಖಂಡಿತ ಕೇಳಿರಿ. ಅದು ಅವರ ಹಿರಿಯರ ಕಾರ್ಯ.