48 ರ‍್ಯಾಕ್‌ನ ಡೇಟಾ ಸೆಂಟರ್‌ಗೆ ಯಾವ ಸಾಫ್ಟ್‌ವೇರ್? ನೆಟ್‌ಬಾಕ್ಸ್, ಓಪನ್‌ಡಿಸಿಐಎಂ, ಇಲ್ಲ ದುಡ್ಡು ಕೊಟ್ಟು ತಗೊಳ್ಳೋದಾ?

ಕಡಲತಡಿ_ಸರ್ವರ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಒಂದು ಖಾಸಗಿ ಸಂಸ್ಥೆಯ ಡೇಟಾ ಸೆಂಟರ್ ನೋಡಿಕೊಳ್ಳುತ್ತಿದ್ದೇನೆ. ಎರಡು ಹಾಲ್, ಒಟ್ಟು 48 ರ‍್ಯಾಕ್, ಎಲ್ಲವೂ 42 ಯು (ಯು ಅಂದರೆ ರ‍್ಯಾಕ್‌ನಲ್ಲಿ ಎತ್ತರದ ಒಂದು ಅಳತೆ, ಒಂದು ಸ್ಥಾನ). ಲೆಕ್ಕವೆಲ್ಲ ಈಗ ಎಕ್ಸೆಲ್‌ನಲ್ಲೇ ಇದೆ. ನೆಟ್‌ವರ್ಕ್‌ನವರದು ಒಂದು ಶೀಟು, ಸರ್ವರ್‌ನವರದು ಒಂದು, ಎಲೆಕ್ಟ್ರಿಕಲ್‌ನವರದು ಇನ್ನೊಂದು. ಮೂರೂ ತಾಳೆ ಆಗುವುದಿಲ್ಲ. ಈಚೆಗೆ ಆಡಿಟ್‌ನವರು ಬಂದು ಒಂದು ಸ್ವಿಚ್ ತೋರಿಸಿ ಅಂದರು. ಶೀಟಿನಲ್ಲಿ ಅದು ಎರಡನೇ ಹಾಲ್‌ನಲ್ಲಿದೆ, ಸಿಕ್ಕಿದ್ದು ಮೊದಲನೇ ಹಾಲ್‌ನಲ್ಲಿ.

ಈಗ ಮ್ಯಾನೇಜರ್ ಒಪ್ಪಿದ್ದಾರೆ, ಒಂದು ಸರಿಯಾದ ಟೂಲ್ ತರೋಣ ಅಂತ. ನನ್ನ ಮುಂದೆ ಮೂರು ದಾರಿ ಇವೆ, ಮೊದಲ ಎರಡು ಉಚಿತ ಓಪನ್ ಸೋರ್ಸ್. ನೆಟ್‌ಬಾಕ್ಸ್ ಹಾಕಿಕೊಳ್ಳುವುದು, ಓಪನ್‌ಡಿಸಿಐಎಂ ಹಾಕಿಕೊಳ್ಳುವುದು, ಇಲ್ಲ ಸನ್‌ಬರ್ಡ್, ಎನ್‌ಲೈಟ್, ಡಿವೈಸ್42 ತರಹದ್ದನ್ನು ಲೈಸೆನ್ಸ್ ಕೊಟ್ಟು ತಗೊಳ್ಳುವುದು. ಮ್ಯಾನೇಜರ್‌ಗೆ ಒಂದೇ ಸ್ಕ್ರೀನಿನಲ್ಲಿ ಎಲ್ಲಾ ಬೇಕು: ಯಾವ ರ‍್ಯಾಕ್‌ನಲ್ಲಿ ಏನಿದೆ, ಕರೆಂಟ್ ಎಷ್ಟು ಎಳೀತಿದೆ, ಟೆಂಪರೇಚರ್ ಎಷ್ಟು, ಇನ್ನೂ ಎಷ್ಟು ಸರ್ವರ್ ಹಾಕಬಹುದು. ಮುಂದಿನ ವರ್ಷ ಯುಪಿಎಸ್ ಬದಲಾಯಿಸುವ ಮಾತೂ ಇದೆ, ಹಾಗಾಗಿ ಪವರ್ ಲೆಕ್ಕ ಗಟ್ಟಿಯಾಗಿರಬೇಕು. ಇದರಲ್ಲಿ ಕೈ ಆಡಿಸಿದವರು ದಯವಿಟ್ಟು ಹೇಳಿ. ವೆಂಡರ್ ಬ್ರೋಷರ್ ಓದಿ ಓದಿ ಸಾಕಾಗಿದೆ, ಎಲ್ಲದರಲ್ಲೂ ಎಲ್ಲವೂ ಆಗುತ್ತದೆ ಅಂತಲೇ ಬರೆದಿರುತ್ತದೆ.

ಪ್ಯಾಚ್‌ಪ್ಯಾನಲ್_ಬೆಂಗಳೂರು

ಸರ್, ಮೊದಲು ಆ "ಒಂದೇ ಸ್ಕ್ರೀನ್" ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ನೀವು ಕೇಳುತ್ತಿರುವುದು ಎರಡು ಬೇರೆ ಬೇರೆ ಕೆಲಸ. ಎಲ್ಲಿ ಏನಿರಬೇಕು, ಯಾವುದಕ್ಕೆ ಯಾವ ಕೇಬಲ್ ಹೋಗಿರಬೇಕು ಅನ್ನುವುದು ಒಂದು. ಈ ಕ್ಷಣ ಏನಾಗುತ್ತಿದೆ ಅನ್ನುವುದು ಇನ್ನೊಂದು. ನೆಟ್‌ಬಾಕ್ಸ್ ಮೊದಲನೆಯದಕ್ಕೆ ಮಾತ್ರ. ನಾವು ಮಾನಿಟರಿಂಗ್ ಟೂಲ್ ಅಲ್ಲ, ಫೆಸಿಲಿಟಿ ನೋಡಿಕೊಳ್ಳುವ ಟೂಲೂ ಅಲ್ಲ ಅಂತ ಅದರ ದಾಖಲೆಯಲ್ಲೇ ಬರೆದುಕೊಂಡಿದ್ದಾರೆ. ನನಗೆ ಅದು ಇಷ್ಟವಾಗುವುದೂ ಅದಕ್ಕೇ. ತನ್ನ ಕೆಲಸ ಯಾವುದು ಅಂತ ಅದಕ್ಕೆ ಗೊತ್ತಿದೆ.

ಡಿಜಿಟಲ್‌ಓಶನ್‌ನಲ್ಲಿ (ಒಂದು ಕ್ಲೌಡ್ ಕಂಪನಿ) ಜೆರೆಮಿ ಸ್ಟ್ರೆಚ್ ಅವರು ಅದನ್ನು ತಮ್ಮದೇ ನೆಟ್‌ವರ್ಕ್ ಲೆಕ್ಕಕ್ಕೆ ಬರೆದದ್ದು, 2016ರಲ್ಲಿ ಓಪನ್ ಸೋರ್ಸ್ ಮಾಡಿದರು. ಜ್ಯಾಂಗೋ ಅನ್ನುವ ಪೈಥಾನ್ ಫ್ರೇಮ್‌ವರ್ಕ್ ಮೇಲೆ ನಿಂತಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ ಮಾತ್ರ. ನಿಮ್ಮಲ್ಲಿ ಮೈಎಸ್‌ಕ್ಯೂಎಲ್ ಗೊತ್ತಿರುವವರೇ ಇದ್ದರೆ ಇದನ್ನು ಮೊದಲೇ ಯೋಚಿಸಿ. ಡಾಕರ್‌ನಲ್ಲಿ ಹಾಕಿ ನೋಡುವುದು ಸುಲಭ.

ಎಕ್ಸೆಲ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅಂದರೆ ಇದು ಬೇಡ ಅನ್ನುತ್ತದೆ. ಒಂದು ರ‍್ಯಾಕ್‌ನ 20ನೇ ಯು ಜಾಗದಲ್ಲಿ ಒಂದು ಸರ್ವರ್ ಇದ್ದಾಗ ಇನ್ನೊಂದನ್ನು ಅಲ್ಲೇ ಹಾಕಲು ಹೋದರೆ ಸೇವ್ ಆಗುವುದಿಲ್ಲ. ಎಕ್ಸೆಲ್ ಅಲ್ಲಿ ಏನು ಬರೆದರೂ ಸುಮ್ನೆ ಒಪ್ಪಿಕೊಳ್ಳುತ್ತದೆ. ನಿಮ್ಮ ಮೂರು ಶೀಟು ತಾಳೆ ಆಗದಿರುವುದಕ್ಕೆ ಮೂಲ ಕಾರಣ ಇದೇ, ಅಲ್ವಾ? ಇನ್ನೊಂದು ಕೇಬಲ್ ಟ್ರೇಸ್. ಸರ್ವರ್ ಪೋರ್ಟ್ ಮೇಲೆ ಒತ್ತಿದರೆ ಅಲ್ಲಿಂದ ಪ್ಯಾಚ್ ಪ್ಯಾನಲ್ (ಕೇಬಲ್‌ಗಳನ್ನು ಕೂಡಿಸುವ ಪಟ್ಟಿ), ಆ ಪ್ಯಾನಲ್ ಹಿಂದಿನ ಟ್ರಂಕ್ ಕೇಬಲ್, ಆಚೆ ಹಾಲ್‌ನ ಪ್ಯಾನಲ್, ಕೊನೆಗೆ ಸ್ವಿಚ್‌ನ ಯಾವ ಪೋರ್ಟ್ ಅನ್ನುವವರೆಗೆ ಒಂದೇ ಗೆರೆಯಲ್ಲಿ ತೋರಿಸುತ್ತದೆ. ರಾತ್ರಿ ಎರಡು ಗಂಟೆಗೆ ಲಿಂಕ್ ಡೌನ್ ಆದಾಗ ಕೇಬಲ್ ಎಳೆದು ಎಳೆದು ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಸರ್ವರ್, ಸ್ವಿಚ್ ಮಾಡೆಲ್‌ಗಳನ್ನು ಕೈಯಾರೆ ಬರೆಯುತ್ತಾ ಕೂರಬೇಡಿ. ಡಿವೈಸ್ ಟೈಪ್ ಲೈಬ್ರರಿ ಅಂತ ಸಮುದಾಯದವರು ಮಾಡಿಟ್ಟಿದ್ದಾರೆ. ಎಷ್ಟು ಯು, ಎಷ್ಟು ಪೋರ್ಟ್, ಎಷ್ಟು ಪವರ್ ಸಪ್ಲೈ, ಎಲ್ಲಾ ಅದರಲ್ಲೇ ಬರುತ್ತದೆ. ಉಳಿದದ್ದು ಸಿಎಸ್‌ವಿ ಇಂಪೋರ್ಟ್.

ನಾಟೋಬಾಟ್ ಹೆಸರೂ ಕಿವಿಗೆ ಬೀಳಬಹುದು. 2021ರಲ್ಲಿ ನೆಟ್‌ಬಾಕ್ಸ್‌ನಿಂದಲೇ ಕವಲೊಡೆದದ್ದು, ಆಟೊಮೇಷನ್ ಕಡೆ ಒತ್ತು ಜಾಸ್ತಿ, ಮೈಎಸ್‌ಕ್ಯೂಎಲ್ ಕೂಡ ನಡೆಯುತ್ತದೆ. ನಿಮ್ಮ ಅಳತೆಗೆ ಎರಡರಲ್ಲಿ ಯಾವುದಾದರೂ ಸಾಕು. ರ‍್ಯಾಕ್‌ಟೇಬಲ್ಸ್ ಅನ್ನುವ ಇದೇ ತರಹದ ಹಳೇ ಟೂಲ್ ಈಗ ಹೊಸದಾಗಿ ಶುರು ಮಾಡುವವರಿಗೆ ಬೇಡ ಅಂತ ನನ್ನ ಅನಿಸಿಕೆ.

ಈ ಕ್ಷಣದ ರೀಡಿಂಗ್‌ಗೆ ಜ್ಯಾಬಿಕ್ಸ್ ಅಥವಾ ಲಿಬ್ರೆಎನ್‌ಎಂಎಸ್ ಹಾಕಿ. ಎರಡಕ್ಕೂ ದುಡ್ಡಿಲ್ಲ. ಡಿವೈಸ್ ಪಟ್ಟಿಯನ್ನು ನೆಟ್‌ಬಾಕ್ಸ್‌ನ ಎಪಿಐಯಿಂದ (ಬೇರೆ ಪ್ರೋಗ್ರಾಂ ಮಾಹಿತಿ ಕೇಳಿ ಪಡೆಯುವ ದಾರಿ) ಎಳೆದುಕೊಂಡರೆ ಎರಡು ಕಡೆ ಬರೆಯುವ ಕೆಲಸ ಉಳಿಯುತ್ತದೆ.

ತ್ರೀಫೇಸ್_ಹುಬ್ಬಳ್ಳಿ

ಮೇಲಿನವರು ಹೇಳಿದ್ದು ನೆಟ್‌ವರ್ಕ್ ಕಡೆಯಿಂದ ಸರಿ. ಆದರೆ ಯುಪಿಎಸ್ ಬದಲಾಯಿಸುವ ಮಾತು ಬಂದಿದೆ ಅಂದಮೇಲೆ ಇಲ್ಲಿ ಪವರ್ರೇ ಮುಖ್ಯ. ನಾನು ಎಲೆಕ್ಟ್ರಿಕಲ್ ಕಡೆಯವನು, ಒಂದು ಉದಾಹರಣೆ ಕೊಡ್ತೀನಿ, ಪೂರ್ತಿ ಓದಿ.

ನಿಮ್ಮ ರ‍್ಯಾಕ್‌ನಲ್ಲಿ ಎ ಮತ್ತು ಬಿ ಎರಡು ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ಇವೆ ಅಂದುಕೊಳ್ಳಿ, ಎರಡೂ 32 ಆಂಪ್ಸ್ ಸಿಂಗಲ್ ಫೇಸ್. 230 ವೋಲ್ಟ್‌ಗೆ ಒಂದೊಂದರ ಮೇಲೆ 7.36 ಕಿಲೋವ್ಯಾಟ್ ಅಂತ ಪೇಪರ್ ಮೇಲೆ ಬರುತ್ತದೆ. ಸತತ ಲೋಡಿಗೆ ಶೇ. 80ಕ್ಕೆ ನಿಲ್ಲಿಸುವುದು ವಾಡಿಕೆ, ಅಂದರೆ 25.6 ಆಂಪ್ಸ್, ಸುಮಾರು 5.9 ಕಿಲೋವ್ಯಾಟ್. ಈಗ ಎ ಮೇಲೆ 18 ಆಂಪ್ಸ್, ಬಿ ಮೇಲೆ 18 ಆಂಪ್ಸ್ ಓಡುತ್ತಿದೆ. ಮಾನಿಟರಿಂಗ್ ಸ್ಕ್ರೀನಿನಲ್ಲಿ ಎರಡೂ ಶೇ. 56, ಎರಡೂ ಹಸಿರು. ಎಲ್ಲರಿಗೂ ಖುಷಿ. ಒಂದು ದಿನ ಎ ಕಡೆಯ ಯುಪಿಎಸ್ ಮೆಂಟೆನೆನ್ಸ್‌ಗೆ ಇಳಿಸುತ್ತೀರಿ. ಸರ್ವರ್‌ಗಳಲ್ಲಿ ಎರಡೆರಡು ಪವರ್ ಸಪ್ಲೈ ಇರುವುದರಿಂದ ಆ ಲೋಡೆಲ್ಲ ಬಿ ಮೇಲೆ ಬರುತ್ತದೆ. 36 ಆಂಪ್ಸ್. 32ರ ಬ್ರೇಕರ್‌ಗೆ ಅದು ಮಿತಿ ಮೀರಿದ ಲೋಡ್, ಬಿ ಕೂಡ ಟ್ರಿಪ್ ಆದರೆ ಇಡೀ ರ‍್ಯಾಕ್ ಕತ್ತಲಾಗುತ್ತದೆ. ಹಸಿರು ಬಣ್ಣ ಸುಳ್ಳು ಹೇಳಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ ಇತ್ತು.

ಹಾಗಾಗಿ ಯಾವ ಟೂಲ್ ತಗೊಂಡರೂ ಕೇಳಬೇಕಾದದ್ದು ಇದು: ಒಂದು ಫೀಡ್ (ಎ ಅಥವಾ ಬಿ ಕಡೆಯ ಕರೆಂಟ್ ಲೈನ್) ಹೋದರೆ ಇನ್ನೊಂದರ ಮೇಲೆ ಎಷ್ಟು ಬೀಳುತ್ತದೆ ಅಂತ ತೋರಿಸುತ್ತದಾ? ಸನ್‌ಬರ್ಡ್‌ನಲ್ಲಿ ಈ ಫೇಲ್‌ಓವರ್ ಲೆಕ್ಕ ಸಿದ್ಧವಾಗಿಯೇ ಸಿಗುತ್ತದೆ. ನೆಟ್‌ಬಾಕ್ಸ್‌ನಲ್ಲಿ ಹಾಗೆ ಸಿಗುವುದಿಲ್ಲ, ಆದರೆ ದಾರಿ ಇದೆ. ಪವರ್ ಪ್ಯಾನಲ್, ಫೀಡ್, ಪಿಡಿಯು, ಔಟ್‌ಲೆಟ್, ಸರ್ವರ್ ತನಕ ಕೇಬಲ್ ಪೂರ್ತಿ ಹಾಕಿ. ಪಿಡಿಯುವಿನ ಇನ್‌ಪುಟ್ ಪೋರ್ಟ್‌ನಲ್ಲಿ ಡ್ರಾ ಅಂಕಿ ಖಾಲಿ ಬಿಡಿ, ಆಗ ಕೆಳಗಿರುವ ಸರ್ವರ್‌ಗಳದ್ದನ್ನು ಅದೇ ಕೂಡಿಕೊಳ್ಳುತ್ತದೆ. ಸರ್ವರ್ ಗರಿಷ್ಠ 400 ವ್ಯಾಟ್ ಎಳೆಯುವುದಾದರೆ ಎರಡು ಪವರ್ ಪೋರ್ಟ್‌ಗೂ 200, 200 ಅಂತ ಹಂಚಬೇಡಿ, ಎರಡಕ್ಕೂ 400 ಅಂತಲೇ ಬರೆಯಿರಿ. ಆಗ ಪ್ರತಿ ಫೀಡ್ ಮೇಲೆ ಕಾಣುವುದು ಆಚೆಯದು ಸತ್ತಾಗಿನ ಲೋಡ್. ಇಡೀ ಹಾಲ್‌ನ ಮೊತ್ತ ಮಾತ್ರ ಹಾಗೇ ಓದಬೇಡಿ, ಅದು ದುಪ್ಪಟ್ಟು ತೋರಿಸುತ್ತದೆ.

ಇನ್ನೊಂದು ವಿಷಯ, ಹೊಸ ಫೀಡ್ ಸೇರಿಸುವಾಗ ನೆಟ್‌ಬಾಕ್ಸ್ 120 ವೋಲ್ಟ್, 15 ಆಂಪ್ಸ್ ಅಂತ ತಾನೇ ತುಂಬಿಕೊಂಡಿರುತ್ತದೆ. ಅಮೆರಿಕದ ಲೆಕ್ಕ ಅದು. ಸೆಟ್ಟಿಂಗ್‌ನಲ್ಲಿ 230, 32 ಅಂತ ಮೊದಲೇ ಬದಲಾಯಿಸಿಬಿಡಿ, ಇಲ್ಲದಿದ್ದರೆ ಶೇಕಡಾವಾರು ಎಲ್ಲಾ ತಪ್ಪು ಬರುತ್ತದೆ.

ಮತ್ತೆ ಸರ್ವರ್ ಹಿಂದಿನ ಸ್ಟಿಕ್ಕರ್ ನೋಡಿ ವ್ಯಾಟ್ ಬರೆಯಬೇಡಿ. 800 ಅಂತ ಇರುವುದು ಪವರ್ ಸಪ್ಲೈನ ಶಕ್ತಿ, ಸರ್ವರ್ ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಸ್ಟಿಕ್ಕರ್ ನಂಬಿದರೆ ಅರ್ಧ ಖಾಲಿ ಹಾಲ್ ಕೂಡ ಪೇಪರ್ ಮೇಲೆ ತುಂಬಿಹೋಗಿರುತ್ತದೆ, ನೀವು ಬೇಡದ ದೊಡ್ಡ ಯುಪಿಎಸ್ ತರುತ್ತೀರಿ. ಸ್ಮಾರ್ಟ್ ಪಿಡಿಯುವಿನಲ್ಲಿ ಕೆಲವು ವಾರದ ಪೀಕ್ ನೋಡಿ, ಅದರ ಮೇಲೆ ಸ್ವಲ್ಪ ಇಟ್ಟು ಬರೆಯಿರಿ.

ಕೋಲ್ಡ್‌ಐಲ್_ದುಬೈ

ನಾನು ಇಲ್ಲಿ ದುಡ್ಡು ಕೊಟ್ಟು ತಂದ ಟೂಲ್‌ಗಳ ಜೊತೆಗೇ ಕೆಲಸ ಮಾಡುವುದು, ಆ ಕಡೆಯ ಮಾತು ಹೇಳುತ್ತೇನೆ. ಅವು ಬೇಡವೇ ಬೇಡ ಅನ್ನುವುದು ಸರಿಯಲ್ಲ. ನೂರಾರು ರ‍್ಯಾಕ್, ನಾಲ್ಕೈದು ಊರು, ದಿನಾ ಹೊಸ ಸರ್ವರ್ ಬರುವ ಜಾಗಗಳಲ್ಲಿ ಅವು ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತವೆ. ಈ ಸರ್ವರ್‌ಗೆ ಜಾಗ, ಪವರ್, ಪೋರ್ಟ್, ತೂಕ ಎಲ್ಲಾ ಹೊಂದುವ ರ‍್ಯಾಕ್ ಯಾವುದು ಅಂತ ಕೇಳಿದರೆ ಹುಡುಕಿಕೊಡುತ್ತವೆ. ಕೆಲಸದ ಟಿಕೆಟ್ ತೆರೆದು ಯಾರು ಯಾವಾಗ ಏನು ಹಾಕಬೇಕು ಅಂತ ನಡೆಸುತ್ತವೆ. ಡಿವೈಸ್42 ಅಂತೂ ಸರ್ವರ್‌ಗಳನ್ನು ತಾನೇ ಹುಡುಕಿ, ಯಾವ ಅಪ್ಲಿಕೇಶನ್ ಯಾವುದರ ಮೇಲೆ ನಿಂತಿದೆ ಅಂತ ನಕ್ಷೆ ಮಾಡುವುದರಲ್ಲಿ ಚೆನ್ನಾಗಿದೆ. ಹಳೇ ಸರ್ವರ್ ಖಾಲಿ ಮಾಡಿ ಕ್ಲೌಡ್‌ಗೆ ಹೋಗುವವರಿಗೆ ಅದು ಬೇಕೇ ಬೇಕು. ಒಂದು ಮಾತು ನೆನಪಿಡಿ, ಯಾವ ಡಿಸ್ಕವರಿಯೂ ಸರ್ವರ್ ಎಷ್ಟನೇ ಯು ಜಾಗದಲ್ಲಿ ಕೂತಿದೆ ಅಂತ ನೆಟ್‌ವರ್ಕ್ ಮೇಲಿಂದಲೇ ಹೇಳಲಾರದು. ಅದಕ್ಕೆ ಯಾರಾದರೂ ಹೋಗಿ ನೋಡಲೇಬೇಕು.

ನನಗೆ ಚಿಂತೆ ಆಗುವುದು ಬೇರೆ ವಿಷಯಕ್ಕೆ. ಈ ಕ್ಷೇತ್ರದಲ್ಲಿ ಕಂಪನಿಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಎನ್‌ಲೈಟ್ 2021ರಲ್ಲಿ ಎಸಿ ಮಾಡುವ ಕ್ಯಾರಿಯರ್‌ಗೆ ಹೋಯಿತು. ಡಿವೈಸ್42 ಅನ್ನು 2024ರಲ್ಲಿ ಫ್ರೆಶ್‌ವರ್ಕ್ಸ್ ಕೊಂಡಿತು, ನಮ್ಮ ಪಕ್ಕದ ಚೆನ್ನೈನಲ್ಲಿ ಹುಟ್ಟಿದ ಕಂಪನಿ. ವರ್ಟಿವ್‌ನವರ ಟ್ರೆಲಿಸ್ ಒಂದು ಕಾಲಕ್ಕೆ ದೊಡ್ಡ ದೊಡ್ಡವರ ಹತ್ತಿರ ಇದ್ದದ್ದು, ಅದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿಬಿಟ್ಟರು. ವರ್ಷಗಟ್ಟಲೆ ಕೂತು ತುಂಬಿದ ಕೇಬಲ್ ಮಾಹಿತಿ ಇಟ್ಟುಕೊಂಡವರೆಲ್ಲ ಬೇರೆ ಮನೆ ಹುಡುಕಬೇಕಾಯಿತು.

ಅದಕ್ಕೇ ಡೆಮೊಗೆ ಕೂತಾಗ ಅವರ ಸ್ಯಾಂಪಲ್ ಡೇಟಾ ಸೆಂಟರ್ ನೋಡಬೇಡಿ, ಅದು ಯಾವಾಗಲೂ ಚಂದವಾಗೇ ಇರುತ್ತದೆ. ನಿಮ್ಮ ಅತಿ ಗೋಜಲಿನ ಒಂದು ರ‍್ಯಾಕ್‌ನ ಶೀಟ್ ಕೊಟ್ಟು, ಇದನ್ನು ನನ್ನ ಮುಂದೆಯೇ ತುಂಬಿಸಿ, ಆಮೇಲೆ ಪವರ್ ಮತ್ತು ನೆಟ್‌ವರ್ಕ್ ಕೇಬಲ್ ಸಮೇತ ಹೊರಗೆ ತೆಗೆದುಕೊಡಿ ಅನ್ನಿ. ಡಿವೈಸ್ ಪಟ್ಟಿ ಎಲ್ಲರೂ ಕೊಡುತ್ತಾರೆ. ಯಾವುದು ಯಾವುದಕ್ಕೆ ಸೇರಿದೆ ಅನ್ನುವುದು ಹೊರಗೆ ಬರುತ್ತದಾ, ಅದನ್ನು ನೋಡಿ. ಲೈಸೆನ್ಸ್ ರ‍್ಯಾಕ್ ಲೆಕ್ಕವಾ, ಡಿವೈಸ್ ಲೆಕ್ಕವಾ ಅಂತಲೂ ಕೇಳಿ. ಡಿವೈಸ್ ಲೆಕ್ಕವಾದರೆ ಪ್ಯಾಚ್ ಪ್ಯಾನಲ್ ಕೂಡ ಎಣಿಕೆಗೆ ಬರುತ್ತದಾ ಅನ್ನುವುದು ಬರಹದಲ್ಲಿ ಇರಲಿ.

48 ರ‍್ಯಾಕ್‌ಗೆ ನನ್ನ ಓಟು ನೆಟ್‌ಬಾಕ್ಸ್, ಜೊತೆಗೆ ಜ್ಯಾಬಿಕ್ಸ್. ಇದನ್ನು ನೋಡಿಕೊಳ್ಳಲು ಲಿನಕ್ಸ್ ಗೊತ್ತಿರುವ ಒಬ್ಬರಾದರೂ ನಿಮ್ಮಲ್ಲಿ ಇರಬೇಕು. ಇಲ್ಲದಿದ್ದರೆ ಉಚಿತ ಅನ್ನುವ ಮಾತಿಗೆ ಅರ್ಥವಿಲ್ಲ, ಆಗ ಸಪೋರ್ಟ್ ಸಮೇತ ತಗೊಳ್ಳುವುದೇ ಲೇಸು.

ಕಡಲತಡಿ_ಸರ್ವರ್

ತುಂಬಾ ಉಪಕಾರ ಆಯಿತು ಸರ್, ಮೂವರಿಗೂ. ಆ 36 ಆಂಪ್ಸ್ ಲೆಕ್ಕವನ್ನು ಮ್ಯಾನೇಜರ್‌ಗೆ ಹಾಗೇ ತೋರಿಸುತ್ತೇನೆ. ಲಿನಕ್ಸ್ ಗೊತ್ತಿರುವ ಇಬ್ಬರು ಇದ್ದಾರೆ. ಓಪನ್‌ಡಿಸಿಐಎಂ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಅದರ ಫ್ಲೋರ್ ಮ್ಯಾಪ್ ನನಗೆ ಹಿಡಿಸಿತ್ತು. ಮತ್ತೆ ನಮ್ಮ ಪ್ರಿಸಿಷನ್ ಎಸಿಗಳು ಹಳೆಯವು, ನೆಟ್‌ವರ್ಕ್ ಮೇಲೆ ರೀಡಿಂಗ್ ಕೊಡುವ ಎಸ್‌ಎನ್‌ಎಂಪಿ ಇಲ್ಲ, ಕಾರ್ಖಾನೆ ಯಂತ್ರಗಳಲ್ಲಿ ಬಳಸುವ ಮಾಡ್‌ಬಸ್ ಮಾತ್ರ. ಏನು ಮಾಡೋದು?

ತ್ರೀಫೇಸ್_ಹುಬ್ಬಳ್ಳಿ

ಓಪನ್‌ಡಿಸಿಐಎಂ ಕೆಟ್ಟದ್ದಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯಲ್ಲಿ ಡೇಟಾ ಸೆಂಟರ್ ನಡೆಸುವವರೇ ಬರೆದದ್ದು, ಅದು ಗೊತ್ತಾಗುತ್ತದೆ ಕೂಡ. ಹಾಲ್‌ನ ನಕ್ಷೆ ಮೇಲೆ ಜಾಗ, ತೂಕ, ಪವರ್, ಟೆಂಪರೇಚರ್ ಬಣ್ಣದಲ್ಲಿ ಕಾಣುತ್ತದೆ, ಪಿಡಿಯು ರೀಡಿಂಗನ್ನು ಎಸ್‌ಎನ್‌ಎಂಪಿ ಮೇಲೆ ತಾನೇ ಓದುತ್ತದೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಸಾಕು. ನೀವು ಬರೀ ಫೆಸಿಲಿಟಿ ತಂಡ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಮೂರು ತಂಡ ಇವೆ. ನೆಟ್‌ವರ್ಕ್‌ನವರಿಗೆ ಐಪಿ, ವಿಎಲ್ಎಎನ್ (ನೆಟ್‌ವರ್ಕ್‌ನ ಒಳವಿಭಾಗ) ಲೆಕ್ಕವೂ ಅಲ್ಲೇ ಸಿಗದಿದ್ದರೆ ಅವರು ತಮ್ಮ ಶೀಟ್ ಬಿಡುವುದಿಲ್ಲ. ನೆಟ್‌ಬಾಕ್ಸ್‌ನಲ್ಲಿ ಅದು ಇದೆ. ಅದೊಂದೇ ಕಾರಣಕ್ಕೆ ಅದನ್ನು ಆರಿಸಿ.

ಮಾಡ್‌ಬಸ್‌ಗೆ ಹೆದರಬೇಡಿ. ಎಸಿ ಹತ್ತಿರ ಆರ್‌ಎಸ್-485 ತಂತಿಗೆ ಒಂದು ಗೇಟ್‌ವೇ ಡಬ್ಬಿ ಹಾಕಿದರೆ ಅದು ಈಥರ್ನೆಟ್ ಮೇಲೆ ಬರುತ್ತದೆ, ಜ್ಯಾಬಿಕ್ಸ್ ಏಜೆಂಟ್ ಮಾಡ್‌ಬಸ್ ಓದುತ್ತದೆ. ರಿಜಿಸ್ಟರ್ ಪಟ್ಟಿಯನ್ನು (ಯಾವ ನಂಬರ್‌ನಲ್ಲಿ ಯಾವ ರೀಡಿಂಗ್ ಇದೆ ಅನ್ನುವುದು) ಮೆಂಟೆನೆನ್ಸ್ ಗುತ್ತಿಗೆಯ ಎಎಂಸಿಯವರಿಂದ ಈಗಲೇ ಬರೆಸಿಕೊಳ್ಳಿ. ಎಸಿ ತೋರಿಸುವ ಟೆಂಪರೇಚರ್ ಸಾಮಾನ್ಯವಾಗಿ ಅದಕ್ಕೆ ವಾಪಸ್ ಬರುವ ರಿಟರ್ನ್ ಗಾಳಿಯದ್ದು, ಸರ್ವರ್‌ಗೆ ಸಿಗುವ ಗಾಳಿಯದ್ದಲ್ಲ. ಆಶ್ರೇ (ಎಸಿ ಎಂಜಿನಿಯರ್‌ಗಳ ಅಮೆರಿಕದ ಸಂಘ) ಹೇಳುವ 18ರಿಂದ 27 ಡಿಗ್ರಿ ಸರ್ವರ್ ಮುಂದಿನ ಗಾಳಿಗೆ. ಹಾಗಾಗಿ ಪ್ರತಿ ಸಾಲಿನಲ್ಲಿ ಕೆಲವು ರ‍್ಯಾಕ್ ಮುಂಬಾಗಿಲಿಗೆ ಮೇಲೆ, ನಡುವೆ, ಕೆಳಗೆ ಸೆನ್ಸರ್ ಹಾಕಿ. ಬಿಸಿ ಮೊದಲು ಕಾಣುವುದು ಮೇಲಿನದರಲ್ಲಿ. ನಿಮ್ಮೂರಿನ ತೇವಕ್ಕೆ ಹ್ಯುಮಿಡಿಟಿ ಸೆನ್ಸರೂ, ಎಸಿ ಡ್ರೈನ್ ಪಕ್ಕ ನೀರು ಸೋರಿದರೆ ಕೂಗುವ ಲೀಕ್ ಕೇಬಲ್ಲೂ ಇರಲಿ.

ಪ್ಯಾಚ್‌ಪ್ಯಾನಲ್_ಬೆಂಗಳೂರು

ಇನ್ನೊಂದು ಮಾತು ಸೇರಿಸುತ್ತೇನೆ. ಹಳೇ ಶೀಟನ್ನು ಹಾಗೇ ಇಂಪೋರ್ಟ್ ಮಾಡಬೇಡಿ, ತಪ್ಪೆಲ್ಲ ಹೊಸ ಟೂಲ್‌ಗೂ ಬರುತ್ತದೆ. ಇಬ್ಬರು ಹಾಲ್‌ಗೆ ಹೋಗಿ. ಒಬ್ಬರು ಸೀರಿಯಲ್ ನಂಬರ್ ಮತ್ತು ಯು ನಂಬರ್ ಓದಲಿ, ಒಬ್ಬರು ಬರೆದುಕೊಳ್ಳಲಿ. ರ‍್ಯಾಕ್ ಹಿಂದಕ್ಕೂ ಹೋಗಿ, ಪವರ್ ಕೇಬಲ್ ಎ ಅಂತ ಬರೆದಿರುವುದು ನಿಜವಾಗಿ ಎ ಪಿಡಿಯುಗೇ ಹೋಗಿದೆಯಾ ನೋಡಿ. ಎರಡೂ ಪ್ಲಗ್ ಒಂದೇ ಪಿಡಿಯುನಲ್ಲಿರುವ ಸರ್ವರ್ ಒಂದಾದರೂ ಸಿಗುತ್ತದೆ. ಮೊದಲು ನಾಲ್ಕು ರ‍್ಯಾಕ್ ಪೂರ್ತಿ ಮಾಡಿ, ಮೂರು ತಂಡದವರೂ ನೋಡಿ ಒಪ್ಪಲಿ, ಆಮೇಲೆ ಉಳಿದದ್ದು. ಒಂದು ಹಾಲ್ ಮುಗಿದ ದಿನವೇ ಆ ಹಾಲ್‌ನ ಎಕ್ಸೆಲ್ ಶೀಟುಗಳನ್ನು ರೀಡ್ ಓನ್ಲಿ ಮಾಡಿಬಿಡಿ. ತೆರೆದಿಟ್ಟರೆ ಜನ ಅಲ್ಲೇ ಬರೆಯುತ್ತಾರೆ.

ಡಿವೈಸ್ ಟೈಪ್ ಇಂಪೋರ್ಟ್‌ನಲ್ಲಿ ತೊಡಕಾದರೆ ಇಲ್ಲೇ ಎರರ್ ಹಾಕಿ, ನೋಡೋಣ.